ಹೊಟ್ಟೆಯ ಒಳಗೆ ನೋಡುವ ಕಣ್ಣು

ಹೊಟ್ಟೆ ಉರಿದರೆ ನಾವು ಏನು ಮಾಡ್ತೀವಿ? ಸೋಡಾ ಕುಡೀತೀವಿ. ಅಂಗಡಿಯ ಗುಳಿಗಿ ನುಂಗ್ತೀವಿ. "ಗ್ಯಾಸ್ ಆಗೇತಿ, ಹೋಗತೈತಿ" ಅಂತೀವಿ. ಹೊಲ, ಮನಿ, ಮಕ್ಕಳು ಎಲ್ಲಾ ಮುಗಿದ ಮೇಲೆ ನಮ್ಮ ಹೊಟ್ಟೆಯ ನೆನಪು.

ಬಹಳ ಸಲ ಅದು ಬರೀ ಉರಿಯೇ. ಆದರೆ ಕೆಲವರಿಗೆ ಒಳಗೆ ಕ್ಯಾನ್ಸರ್ ಹುಟ್ಟಿರುತ್ತದೆ. ಮೊದಮೊದಲು ಅದು ಹೆಚ್ಚಾಗಿ ನೋಯುವುದಿಲ್ಲ. ಹೊಟ್ಟೆ ಒತ್ತಿದರೆ ಕೈಗೆ ಸಿಗುವುದಿಲ್ಲ. ಒಳಗೇ ನೋಡಬೇಕು.

ಅದಕ್ಕೆ ಬೆರಳಿನಷ್ಟು ದಪ್ಪದ ಕೊಳವೆ ಇದೆ. ತುದಿಯಲ್ಲಿ ದೀಪ, ಕ್ಯಾಮೆರಾ. ಬಾಯಿಯಿಂದ ಹೊಟ್ಟೆಗೆ ಇಳಿಸುತ್ತಾರೆ. ಇದೇ ಎಂಡೋಸ್ಕೋಪಿ. ಹೊಟ್ಟೆ ಕೊಯ್ಯುವುದಿಲ್ಲ. ಗಂಟಲು ಜೋಮು ಹಿಡಿಯುವ ಔಷಧ ಹೊಡೆಯುತ್ತಾರೆ. ಓಕರಿಕೆ ಬರುತ್ತದೆ, ನಾವು ಸುಳ್ಳು ಹೇಳುವುದಿಲ್ಲ. ಆದರೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದ ಕೆಲಸ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು.

ಗಂಗಾವತಿ ಕಡೆ ಭತ್ತದ ಗದ್ದೆಯಲ್ಲಿ ಕಳೆ ಕೀಳುವ ಅಕ್ಕಂದಿರಿಗೆ ಗೊತ್ತು. ಎಳೇ ಕಳೆ ಭತ್ತದ ಸಸಿ ಹಂಗ ಕಾಣತೈತಿ. ಗುರುತು ಹಿಡಿಯಲು ಪಳಗಿದ ಕಣ್ಣು ಬೇಕು. ಡಾಕ್ಟರ ಕೆಲಸವೂ ಹಾಗೇ. ಒಳ್ಳೆಯ ಹೊಟ್ಟೆಯ ಒಳಪದರ ನಸುಗೆಂಪು. ಸೀರೆಯ ನಿರಿಗೆ ಹಂಗ ಮಡಿಕೆ ಇರುತ್ತವೆ. ಒಂದು ಕಡೆ ಮಾತ್ರ ಹೆಚ್ಚು ಕೆಂಪು, ಇಲ್ಲವೇ ಬಿಳಚಿದ್ದರೆ ಡಾಕ್ಟರು ಅಲ್ಲೇ ನಿಲ್ಲುತ್ತಾರೆ. ತುಸು ಉಬ್ಬಿದೆಯಾ, ತಗ್ಗಾಗಿದೆಯಾ ನೋಡುತ್ತಾರೆ. ನಿರಿಗೆ ನಡುವೆಯೇ ಕತ್ತರಿಸಿದಂತೆ ನಿಂತಿದ್ದರೆ ಅನುಮಾನ. ಮುಟ್ಟಿದರೆ ರಕ್ತ ಜಿನುಗಿದರೂ ಅನುಮಾನ. ಈ ಉಬ್ಬು, ತಗ್ಗುಗಳನ್ನು ಜಪಾನಿನ ಡಾಕ್ಟರುಗಳು 1962ರಲ್ಲೇ ವಿಂಗಡಿಸಿ ಇಟ್ಟರು.

ಕಣ್ಣಿಗೆ ಕಂಡದ್ದೇ ಕೊನೆ ಮಾತಲ್ಲ. ಅಕ್ಕಿಕಾಳಿಗಿಂತ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. "ತುಣುಕು ತೆಗೆದರೆ ರೋಗ ಹರಡತೈತಿ" ಅಂತ ಹೆದರುವವರು ಇದ್ದಾರೆ. ಆ ಹೆದರಿಕೆ ಬೇಡ. ರೋಗ ಒಳಪದರದಲ್ಲೇ ಇದ್ದಾಗ ಸಿಕ್ಕರೆ, ಕೆಲವರಿಗೆ ಅದೇ ಕೊಳವೆಯಿಂದಲೇ ಕಿತ್ತು ತೆಗೆಯಬಹುದು.

ಯಾವಾಗ ಹೋಗಬೇಕು? ವಾರಗಟ್ಟಲೆ ಉರಿ ಹೋಗದಿದ್ದರೆ. ಎರಡು ತುತ್ತಿಗೇ ಹೊಟ್ಟೆ ತುಂಬಿದರೆ. ಕುಬಸ ಸಡಿಲಾದರೆ. ರಕ್ತ ವಾಂತಿಯಾದರೆ ಅಂದೇ ಹೋಗಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ಕಡೆ ಸರಕಾರಿ ಆಸ್ಪತ್ರೆ ಇದೆ. ಮೊದಲು ಅಲ್ಲಿ ತೋರಿಸಿ, ಎಂಡೋಸ್ಕೋಪಿ ಎಲ್ಲಿ ಮಾಡುತ್ತಾರೆ ಕೇಳಿ. ಕ್ಯಾನ್ಸರ್ ಅಂತ ಗೊತ್ತಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇದೆ, ಕಲಬುರಗಿಯಲ್ಲೂ ಅದರ ಶಾಖೆ ಇದೆ. ರೇಷನ್ ಕಾರ್ಡು, ಆಧಾರ್ ಮರೆಯಬೇಡಿ.

ಇನ್ನೊಂದು ಮಾತು, ನಾಚಿಕೆ ಬೇಡ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಡಾಕ್ಟರಿಗೆ ಹೇಳಿ. ರಕ್ತ ಹೆಚ್ಚಲಿ ಅಂತ ಕೊಡುವ ಕಬ್ಬಿಣದ ಗುಳಿಗಿ ನುಂಗಿದರೂ ಮಲ ಕಪ್ಪಾಗುತ್ತದೆ. ಆ ಗುಳಿಗಿ ನುಂಗುತ್ತಿದ್ದರೆ ಅದನ್ನೂ ಹೇಳಿ.