ಬೆರಿ ಊರಿನ ಕಾಲ್ಚೆಂಡು

ಗೆಲ್ಲುವ ತಂಡಕ್ಕೆ ಜಯಕಾರ ಹಾಕುವವರು ಎಲ್ಲ ಊರುಗಳಲ್ಲಿಯೂ ದೊರೆಯುವರು. ಸೋಲುತ್ತಲೇ ಇರುವ ತಂಡವನ್ನು ಹಣ ತೆತ್ತು ನೋಡಿ, ಮಳೆಯಲ್ಲಿ ನೆನೆದು, ಆಟಗಾರರನ್ನು ಬಾಯಿತುಂಬ ಬೈದು, ಮುಂದಿನ ಶನಿವಾರ ಮತ್ತೆ ಅಲ್ಲಿಯೇ ಹೋಗಿ ನಿಲ್ಲುವವರ ಸಂಗತಿ ಬೇರೆ. ಇಂಗ್ಲೆಂಡಿನ ಸಣ್ಣ ಪಟ್ಟಣಗಳಲ್ಲಿ ಇಂಥವರು ಬಹಳ ಮಂದಿ ಉಂಟು. ಅವರನ್ನು ನೆನೆದು ನಗುವುದು ಸುಲಭ. ನಾವೂ ಮೊದಲು ನಕ್ಕವರೇ. ಬೆರಿ ಎಂಬ ಊರಿನ ವೃತ್ತಾಂತವನ್ನು ತಿಳಿದ ಮೇಲೆ ಆ ನಗೆ ಅಡಗಿತು.

ಬೆರಿ ಮ್ಯಾಂಚೆಸ್ಟರಿಗೆ ಉತ್ತರದಲ್ಲಿ ಎಂಟು ಹತ್ತು ಮೈಲಿಗಳಾಚೆ ಇರುವ ಹಳೆಯ ಹತ್ತಿಗಿರಣಿಗಳ ಪಟ್ಟಣ. 1733ರಲ್ಲಿ ಹಾರುವ ಲಾಳಿಯನ್ನು ಕಲ್ಪಿಸಿದ ಜಾನ್ ಕೇ ಆ ಸೀಮೆಯವನು. ಆ ಲಾಳಿ ನಮ್ಮ ನೇಕಾರರ ಮಗ್ಗಗಳಿಗೂ ಬಂದುದನ್ನು ವಾಚಕರು ಬಲ್ಲರು. ಈ ಊರಿನವರು 1885ರಲ್ಲಿ ಕಾಲ್ಚೆಂಡಿನ ಸಂಘವೊಂದನ್ನು ಕಟ್ಟಿ, ಗಿಗ್ ಲೇನ್ ಎಂಬ ಮೈದಾನದಲ್ಲಿ ಆಡತೊಡಗಿದರು. ದೇಶದ ಅತಿ ಹಳೆಯ ಪಂದ್ಯಾವಳಿಯಾದ ಎಫ್.ಎ. ಕಪ್ಪನ್ನು 1900ರಲ್ಲಿಯೂ 1903ರಲ್ಲಿಯೂ ಗೆದ್ದರು. ಎರಡನೆಯ ಸಲ ಅಂತಿಮ ಪಂದ್ಯದಲ್ಲಿ ಡಾರ್ಬಿ ತಂಡದ ಮೇಲೆ 6 ಗೋಲುಗಳು. ಎದುರಾಳಿಗೆ ಒಂದೂ ಇಲ್ಲ. 2019ರಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡವು ಸರಿಗಟ್ಟುವವರೆಗೆ, ಅಂತಿಮ ಪಂದ್ಯದಲ್ಲಿ ಅಂಥ ಅಂತರದ ಗೆಲುವು ಬೇರಾರಿಗೂ ದಕ್ಕಿರಲಿಲ್ಲ. ತಾತನು ಮೊಮ್ಮಗನಿಗೆ ಹೇಳಿಕೊಳ್ಳಲು ಇಷ್ಟು ಬಂಡವಾಳವಿತ್ತು. ಮೊಮ್ಮಗನು ಕಣ್ಣಾರೆ ಕಾಣಲು ಮಾತ್ರ ಹೆಚ್ಚೇನೂ ಇರಲಿಲ್ಲ.

ಅಲ್ಲಿನ ಏರ್ಪಾಡು ನಮ್ಮ ಶಾಲೆಯ ತರಗತಿಗಳಂತೆ. ಮೇಲಿನ ನಾಲ್ಕು ಮೆಟ್ಟಿಲುಗಳಲ್ಲಿ ಒಟ್ಟು 92 ತಂಡಗಳು. ಚೆನ್ನಾಗಿ ಆಡಿದವರು ಮೇಲಕ್ಕೆ ಏರುವರು. ಆದರೆ ಶಾಲೆಯಲ್ಲಿ ನಪಾಸಾದವನು ಇದ್ದಲ್ಲಿಯೇ ಇರುವನು, ಇಲ್ಲಿ ಅವನನ್ನು ಕೆಳಗಿನ ತರಗತಿಗೇ ತಳ್ಳುವರು. 1999ರಿಂದ ಬೆರಿಯ ತಂಡವು ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲುಗಳ ನಡುವೆಯೇ ಏರಿಳಿಯುತ್ತಿತ್ತು. 2018ರಲ್ಲಿ ಮೂರನೆಯದರಲ್ಲಿ ಕಟ್ಟಕಡೆಯದಾಗಿ ಮತ್ತೆ ಕೆಳಗಿಳಿಯಿತು. ಅಭಿಮಾನಿಗಳ ಸಿಟ್ಟಿಗೆ ಇದೇ ಸಾಕಾಗಿತ್ತು. ಆದರೆ ಅದು ಪರಿಚಿತವಾದ ಸಿಟ್ಟು, ಮನೆಯಲ್ಲಿ ಸೋಮಾರಿ ಮಗನ ಮೇಲೆ ಇರುವಂಥದು. ತಂಡವು ಸೋಲಬಹುದೆಂದು ಅವರಿಗೆ ಗೊತ್ತಿತ್ತು. ಇಲ್ಲವಾಗಬಹುದೆಂದು ಯಾರು ಎಣಿಸಿದ್ದರು?

ಆಟದ ಲೆಕ್ಕಕ್ಕಿಂತ ಕಡತದ ಲೆಕ್ಕ ಕೆಟ್ಟಿತ್ತು. ವರಮಾನಕ್ಕೆ ಮೀರಿ ವೆಚ್ಚವಾಗಿ, ಮೈದಾನವನ್ನೇ ಒತ್ತೆಯಿಟ್ಟು ಸಾಲ ತೆಗೆಯಲಾಗಿತ್ತು. 2018ರ ಡಿಸೆಂಬರಿನಲ್ಲಿ ಸಂಘವು ಒಂದು ಪೌಂಡಿಗೆ ಕೈ ಬದಲಾಯಿಸಿತು. ನಮ್ಮ ಸಂತೆಯಲ್ಲಿ ಆ ಬೆಲೆಗೆ ಒಂದು ಒಳ್ಳೆಯ ಕೊಡೆಯೂ ಬಾರದು. ಸಂಬಳ ಸರಿಯಾಗಿ ಬಾರದಿದ್ದರೂ ಆಟಗಾರರು ಆ ವರ್ಷ ಎಂದಿಲ್ಲದಂತೆ ಆಡಿ, 2019ರ ವಸಂತದಲ್ಲಿ ಎರಡನೆಯ ಸ್ಥಾನ ಪಡೆದು ಮೇಲಕ್ಕೇರಿದರು! ಬೀದಿಯಲ್ಲಿ ಹರ್ಷ, ಕಚೇರಿಯಲ್ಲಿ ದಿವಾಳಿ. ಸಾಲ ಕೊಟ್ಟ ಹಲವರಿಗೆ ಕಾಲುಭಾಗ ಮಾತ್ರ, ಅಂದರೆ ನಮ್ಮ ಹಳೆಯ ಲೆಕ್ಕದಲ್ಲಿ ರೂಪಾಯಿಗೆ ನಾಲ್ಕಾಣೆ, ತೀರಿಸುವುದೆಂದು ಒಪ್ಪಂದವಾಯಿತು. ಅದಕ್ಕೆ ದಂಡವಾಗಿ ಆಟ ತೊಡಗುವ ಮೊದಲೇ 12 ಅಂಕಗಳನ್ನು ಕಳೆದರು. ಮುಂದಿನ ವೆಚ್ಚಕ್ಕೆ ಹಣವೆಲ್ಲಿದೆಯೆಂದು ಲೀಗಿನವರು ಕೇಳಿದುದಕ್ಕೆ ಉತ್ತರ ಬರಲಿಲ್ಲ. ಪಂದ್ಯಗಳು ಒಂದೊಂದಾಗಿ ನಿಂತವು.

ಆಗಸ್ಟ್ 27 ಕೊನೆಯ ಗಡುವು. ಕೊಳ್ಳುವವರು ಬಂದಾರೆಂಬ ಆಸೆಯಿಂದ ಅಂದು ನೂರಾರು ಜನ ಪೊರಕೆ, ಬಕೆಟ್ಟುಗಳನ್ನು ಹಿಡಿದು ಗಿಗ್ ಲೇನಿಗೆ ಬಂದು ಆಸನಗಳನ್ನು ಒರೆಸಿದರು. ವರುಷವೆಲ್ಲ ತಂಡವನ್ನು ಶಪಿಸಿದವರೂ ಅವರಲ್ಲಿ ಇದ್ದಿರಲೇಬೇಕು. ಮದುವೆಯ ಮನೆಯಂತೆ ಶುಚಿಯಾದ ಆ ಮೈದಾನಕ್ಕೆ ಕೊಳ್ಳುವವರು ಬರಲಿಲ್ಲ. ರಾತ್ರಿ ಸಂಘವನ್ನು ಲೀಗಿನಿಂದ ಹೊರಹಾಕಿದ ಸುದ್ದಿ ಬಂದಿತು. 1894ರಿಂದ ಕಾಯ್ದುಕೊಂಡಿದ್ದ ಸ್ಥಾನವದು.

ಅನಂತರದ ವ್ಯಥೆ ಮನೆಯೊಳಗಿನದು. ಕೆಲವರು ಹೊಸ ಸಂಘವನ್ನು ಕಟ್ಟಿ, ನೆರೆಯ ರ‍್ಯಾಡ್‌ಕ್ಲಿಫ್ ಊರಿನ ಮೈದಾನದಲ್ಲಿ 2020ರಿಂದ ಕೆಳಗಿನ ಮೆಟ್ಟಿಲಿನಲ್ಲಿ ಆಟವಾರಂಭಿಸಿದರು. ಉಳಿದವರು, ಗಿಗ್ ಲೇನನ್ನು ಬಿಟ್ಟ ಬೆರಿ ಎಂಥ ಬೆರಿ ಎಂದು ಹಟ ಹಿಡಿದು, ಸರಕಾರದ ಸಹಾಯಧನವನ್ನೂ ಕೂಡಿಸಿಕೊಂಡು, 2022ರಲ್ಲಿ ಮೈದಾನವನ್ನೇ ಕೊಂಡರು. ಒಂದು ಕಡೆ ತಂಡವಿದೆ, ಮೈದಾನವಿಲ್ಲ. ಇನ್ನೊಂದು ಕಡೆ ಮೈದಾನವಿದೆ, ತಂಡವಿಲ್ಲ. ಕೂಡಿಕೊಳ್ಳಿರೆಂದು ಹೇಳುವುದು ಹೊರಗಿನವರಿಗೆ ಸುಲಭ. ಪಾಲಾದ ಅಣ್ಣತಮ್ಮಂದಿರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲು ಯತ್ನಿಸಿದ ಗೃಹಸ್ಥರಿಗೆ ಅದರ ಕಷ್ಟ ಗೊತ್ತು. 2022ರ ಅಕ್ಟೋಬರಿನ ಮತದಾನದಲ್ಲಿ ಒಂದು ಪಕ್ಷದಲ್ಲಿ ಬೇಕಾದಷ್ಟು ಬಹುಮತ ದೊರೆಯಲಿಲ್ಲ. 2023ರ ಮೇ ತಿಂಗಳಲ್ಲಿ ಮತ್ತೆ ಕೇಳಿದಾಗ ಇಬ್ಬರೂ ಒಪ್ಪಿದರು. ಆ ವರ್ಷವೇ ಹಳೆಯ ಹೆಸರಿನ ತಂಡವು ಒಂಬತ್ತನೆಯ ಮೆಟ್ಟಿಲಿನಲ್ಲಿ, ತನ್ನ ಹಳೆಯ ಮೈದಾನದಲ್ಲಿ ಆಡಿತು.

2025ರಲ್ಲಿ ಎಂಟನೆಯದಕ್ಕೆ ಏರಿತು. 2019ರಲ್ಲಿ ಗಳಿಸಿಯೂ ಆಡಲಾಗದೆ ಹೋದ ಸ್ಥಾನಕ್ಕೆ ಅಲ್ಲಿಂದ ಇನ್ನೂ ಐದು ಮೆಟ್ಟಿಲು. ಗೋಲು ತಪ್ಪಿದಾಗ ಗಿಗ್ ಲೇನಿನಲ್ಲಿ ಮತ್ತೆ ಹಳೆಯ ಬೈಗುಳ ಕೇಳಿಬರುತ್ತಿದ್ದರೆ ನಮಗೇನೂ ಆಶ್ಚರ್ಯವಾಗದು.