ತಲೆಯ ಮೇಲೆ ಮೂಟೆ, ಕತ್ತಿಗೆ ಪೆಟ್ಟು

ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ಡಿಸೆಂಬರ್ ಬಂತೆಂದರೆ ಹಣ್ಣು ಕುಯ್ಲಿನ ಗಡಿಬಿಡಿ. ಸಂಜೆ ತೂಕದ ಹೊತ್ತಿಗೆ ಹೆಂಗಸರು ತುಂಬಿದ ಚೀಲ ತಲೆಯ ಮೇಲಿಟ್ಟುಕೊಂಡು ಇಳಿಜಾರಿನಲ್ಲಿ ಬರುವುದನ್ನು ನೀವು ನೋಡಿರಬಹುದು. ನೋಡಲು ಸಲೀಸು. ಕತ್ತಿಗೆ ಮಾತ್ರ ಅದು ಸಲೀಸಲ್ಲ.

ನಿಂತಾಗ ನಮ್ಮ ದೇಹದ ಗುರುತ್ವ ಕೇಂದ್ರ ಹೊಕ್ಕುಳಿನ ಕೆಳಗಿರುತ್ತದೆ. ತಲೆಯ ಮೇಲೆ ಮೂಟೆ ಏರಿದೊಡನೆ ಅದು ಎದೆಯತ್ತ ಸರಿಯುತ್ತದೆ. ಎತ್ತರಕ್ಕೆ ಹುಲ್ಲು ಹೇರಿದ ಗಾಡಿಯಂತೆ, ತುಸು ವಾಲಿದರೂ ಉರುಳುವ ಸ್ಥಿತಿ. ಬೀಳದಂತೆ ಹಿಡಿದಿಡಲು ಕತ್ತಿನ ಸ್ನಾಯುಗಳು ಬಿಡುವಿಲ್ಲದೆ ದುಡಿಯಬೇಕು. ದಾರಿ ನೋಡಲು ತಲೆ ಬಗ್ಗಿಸಿದರಂತೂ ಭಾರ ಮುಂದಕ್ಕೆ ಜಗ್ಗುತ್ತದೆ.

ತಲೆಯ ತೂಕವೇ ಸುಮಾರು 5 ಕಿಲೋ. ಅದನ್ನು ಹೊರಲು ಕತ್ತಿನಲ್ಲಿರುವುದು 7 ಸಣ್ಣ ಮೂಳೆಗಳು, ನಡುವೆ ಮೆತ್ತೆಯಂಥ ಡಿಸ್ಕ್‌ಗಳು. ವರ್ಷಗಟ್ಟಲೆ ಹೊತ್ತರೆ ಡಿಸ್ಕ್ ಸವೆಯುತ್ತದೆ, ಮೂಳೆಯ ಅಂಚು ಬೆಳೆದು ನರವನ್ನು ಒತ್ತುತ್ತದೆ.

‘ನಮ್ಮ ಅಜ್ಜಿ ಹೊರಲಿಲ್ಲವೇ?’ ಎಂದು ನೀವು ಕೇಳಬಹುದು. 1986ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೀನ್ಯಾದ ಹೆಂಗಸರು ತಮ್ಮ ತೂಕದ ಶೇಕಡ 20ರಷ್ಟು ಹೊರೆಯನ್ನು ಹೆಚ್ಚಿನ ಶಕ್ತಿ ವ್ಯಯವಿಲ್ಲದೆ ಹೊರಬಲ್ಲರೆಂದು ಕಂಡುಬಂತು. ಆದರೆ ಲೆಕ್ಕ ಹಾಕಿ: 45 ಕಿಲೋ ತೂಗುವವರಿಗೆ ಅದು 9 ಕಿಲೋ ಮಾತ್ರ. ಹಣ್ಣಿನ ಚೀಲ ಅಲ್ಲಿಗೆ ನಿಲ್ಲುವುದುಂಟೇ? ಕುಯ್ದಷ್ಟೂ ಕೂಲಿ ಎಂದಾಗ ಚೀಲ ಕಿರಿದು ಮಾಡಿ ಎನ್ನುವುದು ಸುಲಭ, ಮಾಡುವುದು ಕಷ್ಟ. ಈ ಮಾತು ತೋಟದ ಯಜಮಾನರ ಕಿವಿಗೂ ಬೀಳಲಿ. ಚೀಲ ಅರ್ಧ ಮಾಡಿ ಎರಡು ಸಲ ಹೊರುವುದು, ಇಲ್ಲವೇ ಸಾಲಿನ ತುದಿಯವರೆಗೆ ಗಾಡಿ ತರಿಸುವುದು ಒಳ್ಳೆಯದು. ಮೂಟೆಯನ್ನು ಒಬ್ಬರೇ ಎತ್ತಿ ತಲೆಗೇರಿಸದೆ ಇನ್ನೊಬ್ಬರ ನೆರವು ಪಡೆಯಿರಿ. ಸಿಂಬೆ ನೆತ್ತಿಯ ನೋವು ತಪ್ಪಿಸುತ್ತದೆ, ಮೂಟೆಯ ತೂಕ ಇಳಿಸದು. ಗರ್ಭಿಣಿಯರು, ಬಾಣಂತಿಯರು ಹೊರಲೇಬಾರದು.

ಕತ್ತು ನೋವಿನ ಜೊತೆ ತೋಳಿಗೆ ಜೋಮು ಇಳಿದರೆ, ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ತಡಮಾಡದೆ ವೈದ್ಯರನ್ನು ಕಾಣಿರಿ. ಕ್ಷೌರದಂಗಡಿಯಲ್ಲಿ ಕತ್ತು ‘ಲಟ್’ ಎನ್ನಿಸಿಕೊಳ್ಳುವ ಚಪಲ ಮಾತ್ರ ಬೇಡ.

ಮೂಟೆ ಸಮೇತ ಬಿದ್ದವರನ್ನು ತಕ್ಷಣ ಎತ್ತಿ ಕೂರಿಸಬೇಡಿ. ತಲೆ, ಕತ್ತು ಅಲುಗದಂತೆ ಹಿಡಿದು, 108ಕ್ಕೆ ಕರೆಮಾಡಿ, ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಿರಿ.