ಶಾವಿಗೆ ಮಣೆಯ ಮೇಲೊಂದು ಇಟಲಿ

ಬಳ್ಳಾರಿಯ ಯಾವುದಾದರೂ ಕಿರಾಣಿ ಅಂಗಡಿಗೆ ಹೋಗಿ ಬನ್ಸಿ ರವೆ ಕೇಳಿ. ಉಪ್ಪಿಟ್ಟಿಗೆ ಇರಬೇಕು ಅಂದುಕೊಂಡು ಅಂಗಡಿಯವರು ಪೊಟ್ಟಣ ಮುಂದಿಡುತ್ತಾರೆ. ಮನೆಗೆ ತಂದು ಒಂದು ಹಿಡಿ ಅಂಗೈಗೆ ಸುರಿದುಕೊಂಡು ಬೆಳಕಿಗೆ ಹಿಡಿಯಿರಿ. ಮೈದಾದ ಸುಣ್ಣಬಿಳುಪಲ್ಲ ಅದು, ತಿಳಿಹಳದಿ. ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವುದಿಲ್ಲ, ಗಟ್ಟಿಯಾಗಿ ಜಾರುತ್ತದೆ. ಬನ್ಸಿ ಎಂಬುದು ಡುರಂ ಗೋಧಿಯ ಒಂದು ತಳಿ. ಡುರಂ! ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕು ಎಂದು ಇಟಲಿಯವರು 1967ರಲ್ಲಿ ಕಾನೂನನ್ನೇ ತಂದರಲ್ಲ, ಅದೇ ಡುರಂ. ನೇಪಲ್ಸ್ ಸುತ್ತಮುತ್ತಲಿನ ಪಾಸ್ತಾ ಊರುಗಳ ಬಂಗಾರ ನಮ್ಮಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕಿಸಿಕೊಂಡು ಬೆಳಗಿನ ನಾಷ್ಟಾ ಆಗುತ್ತಿದೆ!

ಇಟಾಲಿಯನ್ ಪಾಸ್ತಾವನ್ನು ಹಿಟ್ಟಿನಿಂದ ಹಿಡಿದು ಎಲ್ಲವನ್ನೂ ಮನೆಯಲ್ಲೇ, ಕೈಯಾರೆ ಮಾಡಬೇಕೆಂದು ಹೊರಟ ನನಗೆ ಸಿಕ್ಕ ಮೊದಲ ಬೆರಗು ಇದು. ಆಮೇಲಿನವು ಒಂದರ ಹಿಂದೊಂದು ಬಂದವು. ಅವನ್ನೆಲ್ಲ ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ.

ಡುರಂಗೂ ಒಬ್ಬ ಹಿರಿಯಕ್ಕ ಇದ್ದಾಳೆ. ಉತ್ತರ ಕರ್ನಾಟಕದ ಅಜ್ಜಿಯರು ಸದಕ ಎಂದೋ ಜವೆ ಗೋಧಿ ಎಂದೋ ಕರೆಯುವ, ಹೊಟ್ಟು ಬಿಡಿಸಲು ಕುಟ್ಟಲೇಬೇಕಾದ ಗೋಧಿ ಅದು. ಚಪಾತಿಗೆ ಬಳಸುವ ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಸದಕದಲ್ಲೂ ಡುರಂನಲ್ಲೂ 28. ಸಾವಿರಾರು ವರ್ಷಗಳ ಹಿಂದೆ ಸದಕದ ವಂಶದಿಂದಲೇ ಡುರಂ ಕವಲೊಡೆಯಿತು. ಇಟಲಿಯ ಬೆಟ್ಟಸೀಮೆಗಳಲ್ಲಿ ಇಂದಿಗೂ ಫಾರ್ರೊ ಎಂಬ ಹೆಸರಿನಲ್ಲಿ ಬೆಳೆಯುವುದು ಈ ಸದಕವನ್ನೇ. ನಮ್ಮಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಮೇಲೆ ಕೆಲಸ ಮಾಡಿ ಡಿಡಿಕೆ 1025, ಡಿಡಿಕೆ 1029 ಮುಂತಾದ ತಳಿಗಳನ್ನು ರೈತರ ಕೈಗಿತ್ತಿದೆ. 1025 ಎಂಬ ಸಂಖ್ಯೆಯನ್ನು ಸ್ವಲ್ಪ ನೆನಪಿನಲ್ಲಿಡಿ.

ಈಗ ಸಿರುಗುಪ್ಪಕ್ಕೆ ಬನ್ನಿ. ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಹರಿಯುವ ತುಂಗಭದ್ರೆಯ ಮಗ್ಗುಲಿನ ಊರು ಇದು. 1953ರಲ್ಲಿ ಅಣೆಕಟ್ಟು ಮುಗಿದ ಮೇಲಂತೂ ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತ, ಊರ ತುಂಬ ಅಕ್ಕಿ ಗಿರಣಿ. ಆದರೂ ಬೇಸಿಗೆ ಬಂತೆಂದರೆ ಹೆಂಗಸರು ಗೋಧಿಯನ್ನೇ ಹುಡುಕುತ್ತಾರೆ, ಯಾಕೆಂದರೆ ಶಾವಿಗೆ ಹೊಸೆಯಬೇಕು. ಅಕ್ಕಿಯಲ್ಲಿ ಜಿಗಿ ಇಲ್ಲ. ಗೋಧಿಹಿಟ್ಟಿಗೆ ನೀರು ಬಿದ್ದು ಕೈ ನಾದತೊಡಗಿದರೆ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆ ಕಟ್ಟುತ್ತವೆ. ಗ್ಲಯಾಡಿನ್ ಹಿಟ್ಟನ್ನು ಹಿಗ್ಗಿಸಿದರೆ ಗ್ಲುಟೆನಿನ್ ಹಿಡಿದೆಳೆಯುತ್ತದೆ. ಈ ಎಳೆದಾಟದಲ್ಲೇ ಇಡೀ ಪಾಸ್ತಾ ಲೋಕ ನಿಂತಿದೆ. ಅಕ್ಕಿಗೆ ಈ ಬಲೆ ಇಲ್ಲದ್ದರಿಂದಲೇ ಮಲೆನಾಡು, ಹಳೆ ಮೈಸೂರಿನ ಕಡೆ ಒತ್ತು ಶಾವಿಗೆಗೆ ಹಿಟ್ಟನ್ನು ಮೊದಲೇ ಬೇಯಿಸಿ, ಪಿಷ್ಟವನ್ನೇ ಅಂಟಾಗಿಸಿಕೊಂಡು, ಬಿಸಿಬಿಸಿಯಾಗಿ ಒರಳಿನಲ್ಲಿ ಒತ್ತುತ್ತಾರೆ.

ಗೋಧಿ ಶಾವಿಗೆಯ ತಯಾರಿ ನೋಡಿದರೆ ಬೆರಗಾಗುತ್ತದೆ. ಹಿಂದಿನ ರಾತ್ರಿ ಗೋಧಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಬೆಳಗ್ಗೆ ನೆರಳಿಗೆ ಹರವಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸುತ್ತಾರೆ. ಒದ್ದೆಯಾದ ತೌಡು ಗಟ್ಟಿಯಾಗಿ, ಪುಡಿಯಾಗದೆ ದೊಡ್ಡ ಚೂರುಗಳಾಗಿ ಬಿಟ್ಟುಕೊಳ್ಳುತ್ತದೆ. ಒಳಗಿನ ತಿರುಳು ಶುದ್ಧವಾಗಿ ಸಿಗುತ್ತದೆ. ದೊಡ್ಡ ದೊಡ್ಡ ಹಿಟ್ಟಿನ ಕಾರ್ಖಾನೆಗಳು ಯಂತ್ರವಿಟ್ಟು, ಗಂಟೆ ಲೆಕ್ಕ ಹಾಕಿ ಗೋಧಿಗೆ ನೀರೂಡಿಸುವುದು ಇದೇ ಕಾರಣಕ್ಕೆ! ಆಮೇಲೆ ಉಪ್ಪುನೀರಿನಲ್ಲಿ ಗಟ್ಟಿಯಾಗಿ ಕಲಸಿ, ಗಂಟೆಗಟ್ಟಲೆ ನೆನೆಯಲು ಬಿಟ್ಟು, ಎಣ್ಣೆ ಸವರಿ ಕುಟ್ಟಿ ನಾದಿ ಹದಕ್ಕೆ ತರುತ್ತಾರೆ. "ಇನ್ನಾ ನಾದಬೇಕು ನೋಡವ್ವಾ, ಎಳದ್ರ ಹರೀಬಾರ್ದು" ಎಂದು ಹಿರಿಯಾಕೆ ಹೇಳುವ ಆ ಒಂದು ಮಾತಿನಲ್ಲಿ ಗ್ಲುಟೆನ್ ಬಗೆಗಿನ ಇಡೀ ಪಾಠ ಅಡಗಿದೆ.

ಶಾವಿಗೆ ಮಣೆ ನೋಡಿದ್ದೀರಾ? ಉದ್ದನೆಯ ಹಲಗೆ, ಒಂದು ತುದಿಯಲ್ಲಿ ಸಣ್ಣ ಸಣ್ಣ ಗೆರೆ ಕೊರೆದಿರುತ್ತದೆ. ಅದನ್ನು ಎತ್ತರಕ್ಕೆ ಕೂರಿಸಿ ಒಬ್ಬಾಕೆ ಮೇಲೆ ಕೂತು ಕಣಕವನ್ನು ಅಂಗೈಯಿಂದ ಗೆರೆಗಳ ಮೇಲೆ ತಿಕ್ಕುತ್ತಾಳೆ. ಕೆಳಗೆ ಎಳೆಗಳು ಇಳಿಯುತ್ತವೆ. ಇನ್ನೊಬ್ಬಾಕೆ ಅವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತ ಕೂದಲಿನಷ್ಟು ಸಣ್ಣ ಮಾಡಿ ಕೋಲಿಗೆ ನೇತುಹಾಕುತ್ತಾಳೆ. ಹರಿಯುವುದೇ ಇಲ್ಲ! ಸಾರ್ಡಿನಿಯಾ ದ್ವೀಪದ ನುವೊರೊ ಊರಿನಲ್ಲಿ ಫಿಲಿಂದೆವು ಎಂಬ ಪಾಸ್ತಾ ಇದೆ. ಡುರಂ ರವೆ, ನೀರು, ಉಪ್ಪು, ಅಷ್ಟೇ. ಕಣಕವನ್ನು ಎಳೆದು ಮಡಿಸಿ, ಎಳೆದು ಮಡಿಸಿ, ಎಂಟು ಸಲ ಇಮ್ಮಡಿಸಿದಾಗ 256 ಎಳೆಗಳಾಗುತ್ತವೆ. ಅವನ್ನು ದುಂಡನೆಯ ತಟ್ಟೆಯ ಮೇಲೆ ಒಂದರ ಮೇಲೊಂದು ಅಡ್ಡಡ್ಡ ಮೂರು ಪದರ ಹಾಸಿ ಒಣಗಿಸುತ್ತಾರೆ. ಲೂಲಾ ಎಂಬಲ್ಲಿನ ಸಂತ ಫ್ರಾನ್ಸಿಸನ ಗುಡಿಗೆ ರಾತ್ರಿಯಿಡೀ ನಡೆದು ಬರುವ ಯಾತ್ರಿಕರಿಗೆ ಇದನ್ನು ಕುರಿ ಮಾಂಸದ ಸಾರಿನಲ್ಲಿ ಬೇಯಿಸಿ ಬಡಿಸುತ್ತಾರೆ. ಇದನ್ನು ಬಲ್ಲ ಹೆಂಗಸರು ಬೆರಳೆಣಿಕೆಯಷ್ಟೆಂದು ಲೋಕದ ಪತ್ರಿಕೆಗಳೆಲ್ಲ ಬರೆದವು, ದೂರದೂರದಿಂದ ಬಾಣಸಿಗರು ಹೋಗಿ ಅವರ ಮುಂದೆ ಕೂತರು. ನಮ್ಮ ಮಣೆಯ ಮುಂದೆ ಯಾರು ಕೂತರು?

ಎಳೆಯ ಮಾತು ಅಲ್ಲಿಗಿರಲಿ. ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಗವಲಿ. ಮದುವೆ ನಿಶ್ಚಯವಾದ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಗವಲಿ, ಪರಡಿ, ಸವತಿಬೀಜ ಮಾಡುವ ಪದ್ಧತಿ ಉತ್ತರ ಕರ್ನಾಟಕದ ಉದ್ದಕ್ಕೂ ಇದೆ; ಊರಿಂದೂರಿಗೆ ಹೆಸರು, ಆಕಾರ ಕೊಂಚ ಬೇರೆಯಾಗುತ್ತವೆ. ಹೆಬ್ಬೆರಳು, ತೋರುಬೆರಳ ನಡುವೆ ಚಿಟಿಕೆ ಕಣಕ ಹಿಡಿದು ಒಂದು ಸಲ ಹೊಸೆದರೆ ಸೌತೆಯ ಬೀಜದಂತೆ ಎರಡೂ ತುದಿ ಚೂಪಾದ ಕಾಳು ಉದುರುತ್ತದೆ. ಮಾತು ನಿಲ್ಲುವುದಿಲ್ಲ, ಹಾಡು ನಿಲ್ಲುವುದಿಲ್ಲ, ಬೆರಳೂ ನಿಲ್ಲುವುದಿಲ್ಲ. ಮೊರದ ಬೆನ್ನಿಗೋ ಹೊಸ ಬಾಚಣಿಗೆಯ ಹಲ್ಲಿಗೋ ಒತ್ತಿ ಗೆರೆ ಮೂಡಿಸುವವರೂ ಇದ್ದಾರೆ. ಇಟಲಿಯ ಲಿಗೂರಿಯಾದಲ್ಲಿ ಟ್ರೋಫಿಯೆ ಎಂಬ ಪಾಸ್ತಾವನ್ನೂ ಚಿಟಿಕೆ ಚಿಟಿಕೆ ಕಣಕದಿಂದಲೇ ಹೊಸೆಯುತ್ತಾರೆ. ಸಾರ್ಡಿನಿಯಾದ ಮಲ್ಲೊರೆದ್ದುಸ್‌ಗೆ ಗೆರೆ ಮೂಡಿಸಲು ಹೆಣೆದ ಬುಟ್ಟಿಯ ಮೈಗೆ ಒತ್ತುತ್ತಾರೆ. ರೊಮಾಞಾ ಸೀಮೆಯ ಗಾರ್ಗನೆಲ್ಲಿಯನ್ನು ಬಾಚಣಿಗೆಯಂಥದೇ ಸಾಧನದ ಮೇಲೆ ಉರುಳಿಸುತ್ತಾರೆ. ಬುಟ್ಟಿ, ಬಾಚಣಿಗೆ, ಹೆಬ್ಬೆರಳು! ಕಡಲಾಚೆಯ ಅಡುಗೆಮನೆ, ನಮ್ಮ ಪಡಸಾಲೆ ಎರಡೂ ಕಡೆ ಅವೇ ಮೂರು. ಗೆರೆ ಬರೀ ಚೆಂದಕ್ಕಲ್ಲ. ತೆಳುವಾದ ಕಡೆ ಬೇಗ ಬೇಯುತ್ತದೆ, ಗೆರೆಯ ಸಂದಿನಲ್ಲಿ ಹಾಲು ಬೆಲ್ಲವೋ ಸಾರೋ ನಿಲ್ಲುತ್ತದೆ.

ಯಾರು ಮೊದಲು ಎಂಬ ಜಗಳ ನನಗೆ ಬೇಡ. ಆದರೆ ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಮೈ ಜುಮ್ಮೆನ್ನುತ್ತದೆ. ಪಾಸ್ತಾ ಚೀನಾದಿಂದ ಮಾರ್ಕೊ ಪೋಲೊ ತಂದದ್ದು ಎಂಬ ಕಥೆ ಎಲ್ಲರಿಗೂ ಗೊತ್ತು. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಜಿನೋವಾದ ಒಬ್ಬ ಸೈನಿಕನ ಆಸ್ತಿಪಟ್ಟಿಯಲ್ಲಿ ಬುಟ್ಟಿ ತುಂಬ ಮೆಕರೋನಿ ಇತ್ತೆಂದು ನೋಟರಿ ಬರೆದದ್ದು 1279ರಲ್ಲಿ. ಅದಕ್ಕೂ ಹಿಂದೆ, 1154ರಲ್ಲಿ, ಭೂಗೋಳಜ್ಞ ಅಲ್ ಇದ್ರೀಸಿ ಸಿಸಿಲಿಯ ರಾಜ ಎರಡನೇ ರೋಜರನಿಗಾಗಿ ಬರೆದ ಪುಸ್ತಕದಲ್ಲಿ ಪಲೆರ್ಮೊ ಹತ್ತಿರದ ತ್ರಾಬಿಯಾ ಊರಿನಲ್ಲಿ ಹಿಟ್ಟಿನ ಎಳೆಗಳನ್ನು ಮಾಡಿ ಹಡಗುಗಟ್ಟಲೆ ಹೊರಗೆ ಕಳಿಸುತ್ತಾರೆಂದು ದಾಖಲಿಸಿದ್ದಾನೆ. ಇಟಲಿಯ ಪಾಸ್ತಾ ಚರಿತ್ರೆ ಹೆಮ್ಮೆಯಿಂದ ಶುರುವಾಗುವುದೇ ಈ ಪುಟದಿಂದ.

ಅದೇ ಹನ್ನೆರಡನೇ ಶತಮಾನದಲ್ಲಿ ನಮ್ಮ ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದರು. ಬಳ್ಳಕುಂದೆ ನಾಡಿನ ರಾಜಧಾನಿ ಅದು. ದೊಡ್ಡಬಸವೇಶ್ವರನ ಬೃಹತ್ ನಂದಿಯನ್ನು ನೋಡಲು ಹೋದವರು ಸುತ್ತಲಿನ ಹಳೆಯ ಕಲ್ಲುಗುಡಿಗಳ ನಡುವೆ ಒಂದು ಗಳಿಗೆ ನಿಂತರೆ ಆ ಕಾಲ ಕಣ್ಣಿಗೆ ಕಟ್ಟುತ್ತದೆ. ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರಲ್ಲೇ ಇನ್ನೂ ಹಿಂದಿನ ದೊರೆ ಎರಡನೇ ಜಯಸಿಂಹ. ಅವನ ಆಸ್ಥಾನದ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಬಾವಿ ತೋಡುವುದು, ಗಿಡ ಬೆಳೆಸುವುದು, ಮದ್ದು, ಅಡುಗೆ ಎಲ್ಲ ಇರುವ, ಜನರಿಗೆ ಉಪಯೋಗಕ್ಕೆ ಬರಲೆಂದೇ ಬರೆದ ಪುಸ್ತಕ. ಅದರಲ್ಲಿ ಶಾವಿಗೆ ಮಾಡುವ ವಿಧಾನವಿದೆ, ಅದನ್ನು ಒತ್ತುವ ಅಚ್ಚಿನ ಪ್ರಸ್ತಾಪವೂ ಇದೆ! ಇಸವಿ? ಸುಮಾರು 1025. ಇದ್ರೀಸಿಗಿಂತ ನೂರಿಪ್ಪತ್ತು ವರ್ಷಕ್ಕೂ ಹಿಂದೆ. ಧಾರವಾಡದ ಸದಕ ತಳಿಗೂ ಅದೇ ಅಂಕಿ ಬಿದ್ದಿರುವುದು ಕಾಕತಾಳೀಯವೇ; ಆದರೂ ಆ ಸಂಖ್ಯೆ ನೋಡಿದಾಗಲೆಲ್ಲ ನನಗೆ ಖುಷಿ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡ ಇದೆ. ನವಶಿಲಾಯುಗದ ಜನ ಬಂಡೆಗಳ ಮೇಲೆ ಕಾಳು ಅರೆದು ಅರೆದು ಸವೆಸಿದ ಗುಳಿಗಳು ಅಲ್ಲಿವೆ. ಪುರಾತತ್ವಜ್ಞರಾದ ರವಿ ಕೊರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದವರ ಅಧ್ಯಯನದಲ್ಲಿ ಅಲ್ಲಿನ ಮಣ್ಣಿನಿಂದ ಕೊರಲೆ, ಹುರುಳಿ, ಹೆಸರಿನ ಸುಟ್ಟ ಕಾಳುಗಳು ಸಿಕ್ಕವು. ಜೊತೆಗೆ, ಸ್ವಲ್ಪವೇ ಆದರೂ, ಗೋಧಿ, ಬಾರ್ಲಿ ಕೂಡ.

ಪಾಸ್ತಾ ಎಂದರೆ ಟೊಮೆಟೊ, ಶಾವಿಗೆ ಎಂದರೆ ಸಿಹಿ, ಇವೆರಡಕ್ಕೆ ಎಲ್ಲಿಯ ನೆಂಟಸ್ತಿಕೆ ಎನ್ನುತ್ತೀರಾ? 1570ರಲ್ಲಿ ಪೋಪ್‌ಗಳ ಬಾಣಸಿಗ ಬಾರ್ತೊಲೊಮೆಯೊ ಸ್ಕಾಪ್ಪಿ ಬರೆದ ಅಡುಗೆ ಪುಸ್ತಕ ತೆರೆದರೆ ಪಾಸ್ತಾಕ್ಕೆ ಚೀಸ್ ಜೊತೆ ಸಕ್ಕರೆ, ದಾಲ್ಚಿನ್ನಿ ಉದುರಿಸುತ್ತಾರೆ! ಟೊಮೆಟೊ ಸಾಸ್ ಹಾಕಿದ ಪಾಸ್ತಾ ಇಟಲಿಯ ಪುಸ್ತಕಕ್ಕೆ ಬಂದದ್ದು 1790ರಲ್ಲಿ. ಅದಕ್ಕೆ ಮುಂಚಿನ ಶತಮಾನಗಳಲ್ಲಿ ಅವರ ತಟ್ಟೆ, ಬಸಿದ ಶಾವಿಗೆಗೆ ತುಪ್ಪ, ಸಕ್ಕರೆ, ಬಿಸಿ ಹಾಲು ಹಾಕಿಕೊಳ್ಳುವ ನಮ್ಮ ತಟ್ಟೆಗೆ ಬಲು ಹತ್ತಿರದಲ್ಲಿತ್ತು. ಹದಿನೈದನೇ ಶತಮಾನದ ಬಾಣಸಿಗ ಮಾರ್ತಿನೊ ಇನ್ನೊಂದು ಮಾತು ಹೇಳುತ್ತಾನೆ: ಬಿಸಿಲಲ್ಲಿ ಒಣಗಿಸಿದ ಸಿಸಿಲಿಯ ಮೆಕರೋನಿ ಎರಡು ಮೂರು ವರ್ಷ ಕೆಡದು, ಆಗಸ್ಟ್ ತಿಂಗಳಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಅವರಿಗೆ ಆಗಸ್ಟ್ ಬೇಸಿಗೆ. ನಮಗೆ ಬಳ್ಳಾರಿಯ ಏಪ್ರಿಲ್, ಮೇ. ಒಣಗಿಸುವುದರಲ್ಲೂ ಹದವಿದೆ. ನೆತ್ತಿ ಸುಡುವ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಹೊರಮೈ ಬಿಗಿದು, ಒಳಗಿನ ತೇವ ಸಿಕ್ಕಿಬಿದ್ದು ಎಳೆ ಸೀಳುತ್ತದೆ. ಅದಕ್ಕೇ ಮೊದಲು ನೆರಳು, ಗಾಳಿ. ಆಮೇಲೆ ಬಿಸಿಲು. ಪಾಸ್ತಾಕ್ಕೆ ಹೆಸರಾದ ಗ್ರಾಞಾನೊ ಊರಿನವರು ಬೀದಿಯುದ್ದಕ್ಕೂ ಕೋಲು ಕಟ್ಟಿ ಕಡಲ ಗಾಳಿಯಲ್ಲಿ ಪಾಸ್ತಾ ಒಣಗಿಸುತ್ತಿದ್ದ ಹಳೆಯ ಫೋಟೊಗಳಲ್ಲಿ ನಮ್ಮ ಶಾವಿಗೆ ಕೋಲುಗಳೇ ಕಾಣುತ್ತವೆ.

ಹೊರಸಿನ ಪಟ್ಟಿಗೆ ಬಿಗಿದು ಹಿಡಿಕೆ ತಿರುಗಿಸುವ ಶಾವಿಗೆ ಯಂತ್ರ ಮನೆಯಲ್ಲಿದ್ದು, ಅದರ ತೂತಿನ ಬಿಲ್ಲೆ ಹಿತ್ತಾಳೆಯದಾಗಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ! ಇಟಲಿಯಲ್ಲಿ ಕಂಚಿನ ಅಚ್ಚಿನಿಂದ ಇಳಿದ ಪಾಸ್ತಾಕ್ಕೆ ಹೆಚ್ಚು ಬೆಲೆ. ಲೋಹದ ಉಜ್ಜಿಗೆ ಮೈ ತರಿತರಿಯಾಗುತ್ತದೆ, ಸಾಸ್ ಅಂಟಿ ನಿಲ್ಲುತ್ತದೆ. ಟೆಫ್ಲಾನ್ ಅಚ್ಚಿನದು ನುಣುಪು, ಸಾಸ್ ಜಾರಿಹೋಗುತ್ತದೆ.

ಇನ್ನು ಕೈ ಹಚ್ಚೋಣ. ಇಬ್ಬರಿಗೆ 200 ಗ್ರಾಂ ಬನ್ಸಿ ರವೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಜರಡಿ ಹಿಡಿಯಿರಿ. ಸುಮಾರು 100 ಮಿಲಿಲೀಟರ್ ಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಿ. ಮೊದಲಿಗೆ ಒಡೆದೊಡೆದು ಬರುತ್ತದೆ, ಹೆದರಿ ನೀರು ಸುರಿಯಬೇಡಿ. ಹತ್ತು ಹದಿನೈದು ನಿಮಿಷ ಅಂಗೈಯ ಬುಡದಿಂದ ನಾದಿದರೆ ತಾನೇ ನುಣುಪಾಗುತ್ತದೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಿಗಿದ ಬಲೆ ಸಡಿಲಗೊಂಡು ಕಣಕ ಮಾತು ಕೇಳುತ್ತದೆ. ಬೆರಳು ದಪ್ಪದ ಬತ್ತಿ ಹೊಸೆದು, ಕಡಲೆಕಾಳಿಗಿಂತ ತುಸು ದೊಡ್ಡ ತುಂಡು ಕತ್ತರಿಸಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಪುಟ್ಟ ಕಿವಿಯಂಥ ಆಕಾರ ಬರುತ್ತದೆ. ಇಟಲಿಯ ಪುಲಿಯಾ ಸೀಮೆಯ ಒರೆಕಿಯೆತ್ತೆ ಇದೇ. ಮೊಟ್ಟೆ ತಿನ್ನುವವರು ಉತ್ತರ ಇಟಲಿಯ ದಾರಿ ಹಿಡಿಯಬಹುದು: 100 ಗ್ರಾಂ ಮೈದಾಕ್ಕೆ ಒಂದು ಮೊಟ್ಟೆ, ನೀರು ಬೇಡ, ತೆಳ್ಳಗೆ ಲಟ್ಟಿಸಿ ಪಟ್ಟಿ ಕತ್ತರಿಸುವುದು. ಬೊಲೋನ್ಯಾದವರು ಬೆಂದ ಪಟ್ಟಿಯ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿಟ್ಟಿದ್ದಾರೆ. ತಮ್ಮ ಅಡುಗೆಯ ಮೇಲೆ ಅಷ್ಟು ಪ್ರೀತಿ!

ಒಂದು ಲೀಟರ್ ನೀರಿಗೆ 10 ಗ್ರಾಂ ಉಪ್ಪು ಹಾಕಿ ಕುದಿಸಿ ಪಾಸ್ತಾ ಬಿಡಿ. ತೇಲಿ ಬಂದ ಮೇಲೆ ಒಂದೆರಡು ನಿಮಿಷ, ಬಾಯಿಗೆ ಹಾಕಿ ನೋಡಿ ತೆಗೆಯಿರಿ. ಬಸಿದ ಗಂಜಿ ಒಂದು ಸೌಟು ಉಳಿಸಿಕೊಳ್ಳಿ. ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ ಘಮ್ಮೆಂದಾಗ ಪಾಸ್ತಾ, ಗಂಜಿ ಎರಡನ್ನೂ ಹಾಕಿ ಆಡಿಸಿದರೆ ಗಂಜಿಯ ಪಿಷ್ಟ ಎಣ್ಣೆಯನ್ನು ಹಿಡಿದು ಹೊಳಪಿನ ಸಾಸ್ ಆಗುತ್ತದೆ. ಇಟಲಿಯವರು ಆಲಿವ್ ಎಣ್ಣೆ ಬಳಸುತ್ತಾರೆ. ನಾನು ಶೇಂಗಾ ಎಣ್ಣೆ, ಕುರುಗೋಡು ಸೀಮೆಯ ಕೆಂಪು ಮೆಣಸಿನಕಾಯಿ ಹಾಕಿದೆ. ಅದ್ಭುತವಾಗಿತ್ತು. ಉಳಿದ ಕಣಕವನ್ನು ಗವಲಿಯಂತೆ ಹೊಸೆದು ಹಾಲು, ಬೆಲ್ಲದಲ್ಲಿ ಬೇಯಿಸಿದರೆ ಅದೂ ಅಷ್ಟೇ ಚೆನ್ನ.

ನಿಮ್ಮ ಮನೆಯ ಅಟ್ಟದಲ್ಲಿ ಶಾವಿಗೆ ಮಣೆ ಇದ್ದರೆ ಈ ಬೇಸಿಗೆಗೆ ಕೆಳಗಿಳಿಸಿ, ತೊಳೆದು ಒಣಗಿಸಿ. ಗವಲಿ ಹೊಸೆಯಬಲ್ಲ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಮಕ್ಕಳನ್ನೂ ಕರೆದುಕೊಂಡು ಅವರ ಪಕ್ಕ ಕೂತು ಬೆರಳು ಹೇಗೆ ತಿರುಗುತ್ತದೆಂದು ನೋಡಿ ಕಲಿಯಿರಿ, ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಹದದ ಮಾತುಗಳನ್ನು ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಿ. ಈ ಕೆಲಸವನ್ನು ಮುಂದಿನ ವರ್ಷಕ್ಕೆಂದು ದೂಡಬೇಡಿ.